ನಾವು ಅಂದ್ರೆ ಎಷ್ಟು ಜನ

ಮೂರು ದಿನದ ಶಿಬಿರಕ್ಕೆ ಹೋಗುವಾಗ ಕಡ್ಡಿ ಎಲ್ಲರ ಹಾಗೆ ‘ನಾನು’ ಎನ್ನುತ್ತಿದ್ದಳು. ವಾಪಸ್ ಬಂದಾಗ ‘ನಾವು’ ಎನ್ನುತ್ತಿದ್ದಳು. ಎಡವಟ್ಟು ಶುರುವಾದದ್ದು ಅಲ್ಲಿಂದ.

ಕಡ್ಡಿ ಅವಳ ನಿಜವಾದ ಹೆಸರಲ್ಲ. ಜೋರು ಗಾಳಿ ಬಂದರೆ ಈ ಹುಡುಗಿಯನ್ನು ಕಂಬಕ್ಕೆ ಕಟ್ಟಿಹಾಕಬೇಕು ಎಂದು ಚಿಕ್ಕಪ್ಪ ಯಾವತ್ತೋ ನಕ್ಕಿದ್ದ. ಅಂದಿನಿಂದ ಹೈಸ್ಕೂಲಿನ ಹಾಜರಿ ಪುಸ್ತಕ ಬಿಟ್ಟರೆ ಉಳಿದೆಲ್ಲ ಕಡೆ ಅವಳು ಕಡ್ಡಿಯೇ. ಅಪ್ಪನದು ಊರ ಅಂಚಿನಲ್ಲಿ ವೆಲ್ಡಿಂಗ್ ಅಂಗಡಿ. ಅಮ್ಮ ದೂರದ ಆಸ್ಪತ್ರೆಯಲ್ಲಿ ಆಯಾ, ವಾರಕ್ಕೆ ನಾಲ್ಕು ದಿನ ಅಲ್ಲೇ ಉಳಿಯುತ್ತಿದ್ದಳು. ಮನೆಯಲ್ಲಿ ಮಾತಿಗೆ ಸಿಗುತ್ತಿದ್ದವನು ಅಪ್ಪ ಒಬ್ಬನೇ. ಅವನಿಗೂ ಕಬ್ಬಿಣ ಉಜ್ಜುವ ಮಿಷನ್ನಿನ ಸದ್ದು ಕೇಳಿ ಕೇಳಿ ಎಡಗಿವಿ ಅರ್ಧ ಹೋಗಿತ್ತು. ಹಾಗಾಗಿ ಕಡ್ಡಿ ದಿನದ ಮಾತನ್ನೆಲ್ಲ ಶಾಲೆಯ ದಾರಿಗೆಂದು ಎತ್ತಿಟ್ಟುಕೊಳ್ಳುತ್ತಿದ್ದಳು.

ದಾರಿ ನಾಲ್ಕು ಕಿಲೋಮೀಟರು. ಊರಿನಿಂದ ಹೈಸ್ಕೂಲಿಗೆ ಹೋಗುವವರು ಹತ್ತು ಮಂದಿ, ಆರು ಹುಡುಗಿಯರು, ನಾಲ್ಕು ಹುಡುಗರು. ಊರ ರಸ್ತೆ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ಎಲ್ಲರೂ ಕೂಡಿಕೊಂಡು ಅಲ್ಲಿಂದ ಐವತ್ತು ನಿಮಿಷ ನಡೆಯುತ್ತಿದ್ದರು. ಕಡ್ಡಿಯ ಪಕ್ಕ ಯಾವತ್ತೂ ಜರಡಿ. ಜರಡಿ ಹಿಟ್ಟಿನ ಗಿರಣಿಯವನ ಮಗಳು. ಅವಳಿಗೆ ಹೇಳಿದ ಗುಟ್ಟು ಒಂದೂ ಒಳಗೆ ನಿಲ್ಲುವುದಿಲ್ಲವಾದ್ದರಿಂದ ಆ ಹೆಸರು. ಬೆಳಿಗ್ಗೆ ಐದಕ್ಕೆ ಎದ್ದು ಗಿರಣಿಯ ಬಾಯಿಗೆ ಕಾಳು ಸುರಿದು, ಮುಖ ತೊಳೆದುಕೊಂಡು ಹಾಗೇ ಓಡಿ ಬರುತ್ತಿದ್ದಳು. ಮುಖ ತೊಳೆದರೂ ಜಡೆಯಲ್ಲಿ ಹಿಟ್ಟು ಉಳಿಯುತ್ತಿತ್ತು. ತಿರುವಿನಲ್ಲಿ ನಿಂತು ನೋಟ್‌ಬುಕ್ಕಿನಿಂದ ಆ ಜಡೆ ಕೊಡವುವುದು ಕಡ್ಡಿಯ ಕೆಲಸ. “ಮೆಲ್ಲಗೆ ಹೊಡಿಯೇ, ಅದು ಹಾಸಿಗೆಯಲ್ಲ” ಎಂದು ಜರಡಿ ದಿನಾ ಹೇಳುತ್ತಿದ್ದಳು. ಕಡ್ಡಿ ದಿನಾ ಜೋರಾಗಿಯೇ ಹೊಡೆಯುತ್ತಿದ್ದಳು.

ಆ ವರ್ಷ ಪಟ್ಟಣದ ಒಂದು ಸಂಸ್ಥೆಯವರು ಬಂದು ಊರಿನಲ್ಲಿ ಯುವ ಸಂಘ ಶುರುಮಾಡಿದರು. ಹಳ್ಳಿಯ ಮಕ್ಕಳಲ್ಲಿ ನಾಯಕತ್ವ ಬೆಳೆಸುವ ಕಾರ್ಯಕ್ರಮ ಎಂದು ಬ್ಯಾನರಿನಲ್ಲಿ ಬರೆದಿತ್ತು. ಮುಚ್ಚಿಹೋದ ಹಾಲಿನ ಡೇರಿಯ ಕೋಣೆ ಸಿಕ್ಕಿತು. ಎರಡು ಸಲ ಸುಣ್ಣ ಬಳಿದರೂ ಗೋಡೆಯಿಂದ ಹುಳಿ ಹಾಲಿನ ವಾಸನೆ ಹೋಗಲಿಲ್ಲ. ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಕೇರಂ ಬೋರ್ಡು, ಒಂದು ಕಪಾಟು. ಶನಿವಾರಕ್ಕೊಮ್ಮೆ ಬರುತ್ತಿದ್ದ ತರಬೇತಿ ಮೇಡಂ ಮೊದಲ ದಿನವೇ ಕೇಳಿದರು, “ಅಧ್ಯಕ್ಷರಾಗೋಕೆ ಯಾರು ಮುಂದೆ ಬರ್ತೀರಿ?” ಹತ್ತು ಜನವೂ ನೆಲ ನೋಡಿದರು. ಆಮೇಲೆ ಜರಡಿ ಪಕ್ಕದಲ್ಲಿದ್ದ ಕಡ್ಡಿಯ ಮೊಣಕೈ ಹಿಡಿದು ಮೇಲೆತ್ತಿದಳು.

“ಏ, ಬಿಡೇ.”

“ನೀನೇ ಸರಿ ಕಣೇ. ನಿನಗೆ ಮನೇಲಿ ಕೆಲಸ ಕಮ್ಮಿ.”

ಮೇಡಂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ತಮ್ಮ ತಲೆಯ ಮೇಲೆ ಬರಲಿಲ್ಲವಲ್ಲ ಎಂಬ ಸಮಾಧಾನ ಆ ಚಪ್ಪಾಳೆಯಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು.

ಅಧ್ಯಕ್ಷರಿಗೆಂದೇ ಪಟ್ಟಣದಲ್ಲಿ ಮೂರು ದಿನದ ಶಿಬಿರ ನಡೆಯಿತು. ಅಲ್ಲಿ ಒಂದು ನಿಯಮವಿತ್ತು. ನಾಯಕರಾದವರು ‘ನಾನು’ ಎನ್ನಬಾರದು, ‘ನಾವು’ ಎನ್ನಬೇಕು. ಬಾಯಿತಪ್ಪಿ ‘ನಾನು’ ಎಂದವರು ತಮ್ಮ ಡಬ್ಬಿಗೆ ಒಂದು ಕಲ್ಲು ಹಾಕಿಕೊಳ್ಳಬೇಕು. ಮೊದಲ ದಿನ ಕಡ್ಡಿಯ ಡಬ್ಬಿಗೆ ಇಪ್ಪತ್ತಮೂರು ಕಲ್ಲು ಬಿದ್ದವು. ಎರಡನೇ ದಿನ ಆರು. ಮೂರನೇ ದಿನ ಒಂದೂ ಇಲ್ಲ. ಖಾಲಿ ಡಬ್ಬಿಯನ್ನು ಮೇಡಂ ಎಲ್ಲರ ಮುಂದೆ ಎತ್ತಿ ಅಲ್ಲಾಡಿಸಿ ತೋರಿಸಿದರು. ಹದಿನೈದು ವರ್ಷದಲ್ಲಿ ಯಾರೂ ಕಡ್ಡಿಯದು ಏನನ್ನೂ ಹಾಗೆ ಎತ್ತಿ ತೋರಿಸಿರಲಿಲ್ಲ. ಊರಿಗೆ ಬಂದಮೇಲೂ ಅವಳು ಆ ಪದ ಬಿಡಲಿಲ್ಲ.

ಮನೆಯಲ್ಲಿ, “ನಾವು ಈಗ ಊಟ ಮಾಡಲ್ಲಪ್ಪ” ಎಂದಳು.

ಅಪ್ಪ ಬಾಗಿಲಾಚೆ ಇಣುಕಿದ. “ಇನ್ನೂ ಯಾರನ್ನ ಕರ್ಕೊಂಡು ಬಂದಿದ್ದೀಯ?”

ಅಪ್ಪನದು ತಮಾಷೆ, ಅಷ್ಟಕ್ಕೇ ಮುಗಿಯಿತು. ಶಾಲೆಯ ದಾರಿಯಲ್ಲಿ ಮುಗಿಯಲಿಲ್ಲ. ಸೋಮವಾರ ಅವಳು ಸೀನಿ, “ನಮಗೆ ನೆಗಡಿ ಆಗಿದೆ” ಎಂದಳು. ಗುಂಪಿನಲ್ಲಿ ರೇಡಿಯೋ ಎಂಬ ಹುಡುಗನಿದ್ದ, ಬಾಯಿ ಮುಚ್ಚುವ ಗುಂಡಿಯೇ ಇಲ್ಲದವನು. “ಎಷ್ಟು ಮೂಗಿಗೆ?” ಎಂದ. ಎಲ್ಲರೂ ನಕ್ಕರು, ಕಡ್ಡಿಯೂ ನಕ್ಕಳು. ಮಾರನೆಯ ದಿನ ರೇಡಿಯೋ ರಸ್ತೆಯ ಬದಿಗೆ ಸರಿದು ಬಗ್ಗಿ, “ದಾರಿ ಬಿಡ್ರೋ. ಅಮ್ಮಾವ್ರೇ, ತಾವು ಮುಂದೆ ನಡೀರಿ” ಎಂದ. ಊರಿನಲ್ಲಿ ತನ್ನೊಬ್ಬನನ್ನೇ ‘ನಾವು’ ಎಂದುಕೊಳ್ಳುತ್ತಿದ್ದದ್ದು ಹಳೇ ಜಮೀನ್ದಾರರ ಮನೆಯ ಮುದುಕ ಮಾತ್ರ. ಅವನು ಸತ್ತು ಮೂರು ವರ್ಷವಾಗಿತ್ತು. ಆ ಕುರ್ಚಿ ಖಾಲಿಯಿತ್ತು, ಕಡ್ಡಿ ಹೋಗಿ ಕುಳಿತಿದ್ದಳು. ಅವಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ವಾರದೊಳಗೆ ಎಲ್ಲರೂ ಅವಳಿಗೆ ‘ನೀವು’ ಎನ್ನತೊಡಗಿದರು. ಬೈದರೆ ತಿರುಗಿ ಬೈಯಬಹುದು, ಮರ್ಯಾದೆ ಕೊಟ್ಟರೆ ಏನು ಮಾಡುವುದು? ‘ನೀವು’ ಎಂದಮೇಲೆ ಭುಜಕ್ಕೆ ಗುದ್ದುವಂತಿಲ್ಲ, ನೀರಿನ ಬಾಟಲಿ ಕಸಿಯುವಂತಿಲ್ಲ, ಹಳೇ ಜೋಕು ಹೇಳುವಂತಿಲ್ಲ. ಕಡ್ಡಿಯ ಸುತ್ತ ಒಂದು ಮಾರು ಜಾಗ ಬಿಟ್ಟು ನಡೆಯುವುದು ರೂಢಿಯಾಯಿತು. ಜರಡಿ ಒಬ್ಬಳು ‘ನೀವು’ ಎನ್ನಲಿಲ್ಲ. ಆದರೆ ಆ ಕಡೆಗೂ ಈ ಕಡೆಗೂ ಸೇರದೆ ನಡೆಯುವುದು ಅವಳಿಗೆ ಕಷ್ಟವಾಗುತ್ತಿತ್ತು. ಮೆಲ್ಲಗೆ ಮುಂದಿನ ಸಾಲಿಗೆ ಸರಿದಳು. ಕಡ್ಡಿ ಹಿಂದೆ ಉಳಿದಳು. ಸೋತು ಮತ್ತೆ ‘ನಾನು’ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಅಲ್ಲಾಡಿಸಿದರೆ ಸದ್ದಾಗದ ಆ ಡಬ್ಬಿ ಕಣ್ಣಮುಂದೆ ಬರುತ್ತಿತ್ತು.

ಒಂದು ದಿನ ಹೀಗೆ ಹಿಂದೆ ನಡೆಯುತ್ತಿದ್ದಾಗ ಎಂಟೂ ಇಪ್ಪತ್ತರ ಬಸ್ಸು ಪಕ್ಕದಲ್ಲೇ ಹಾದುಹೋಯಿತು. ತಿರುವಿನಲ್ಲಿ ಅದು ನಿಲ್ಲುತ್ತಿರಲಿಲ್ಲ. ಕಿಟಕಿಯಲ್ಲಿ ಇಬ್ಬರು ಹೆಂಗಸರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಬಸ್ಸಿನ ಸೀಟು ಇಬ್ಬರಿಗೆ ಎಂದು ಕಡ್ಡಿಗೆ ಹೊಳೆಯಿತು. ರಸ್ತೆಯಲ್ಲಿ ಎಷ್ಟು ದೂರ ಬೇಕಾದರೂ ಸರಿಯಬಹುದು, ಬಸ್ಸಿನಲ್ಲಿ ಯಾರಾದರೂ ಒಬ್ಬರು ಪಕ್ಕ ಕೂರಲೇಬೇಕು. ಅದು ಜರಡಿ ಆಗಿರಬಹುದು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಸಂಘದ ಮೊದಲ ಯೋಜನೆ ‘ತಿರುವಿನಲ್ಲಿ ಬಸ್ ನಿಲುಗಡೆ’ ಎಂದು ಬರೆದಳು. ಮೇಡಂ ಓದಿ, “ಇದು ನೋಡಿ ನಾಯಕತ್ವ ಅಂದ್ರೆ” ಎಂದರು. ಅರ್ಜಿ ಡಿಪೋಗೆ ಹೋಯಿತು. ತಿಂಗಳ ಮೇಲೆ ಉತ್ತರ ಬಂತು. ಮುಂದಿನ ಮಂಗಳವಾರ ಬೆಳಿಗ್ಗೆ ಒಬ್ಬರು ಎಣಿಸಲು ಬರುತ್ತಾರೆ, ಕನಿಷ್ಠ ಹತ್ತು ಜನ ಹತ್ತುವವರಿದ್ದರೆ ನಿಲುಗಡೆ, ಇಲ್ಲದಿದ್ದರೆ ಇಲ್ಲ.

ಶನಿವಾರದ ಸಭೆಗೆ ಮೇಡಂ ಬಂದಿರಲಿಲ್ಲ. ಕಡ್ಡಿ ಎದ್ದು ನಿಂತು ಪತ್ರ ಓದಿ, “ಮಂಗಳವಾರ ಎಂಟಕ್ಕೆ ಎಲ್ಲರೂ ತಿರುವಿನಲ್ಲಿ ನಿಲ್ಲೋದು ಅಂತ ನಾವು ತೀರ್ಮಾನ ಮಾಡಿದ್ದೀವಿ” ಎಂದಳು.

ಕೇರಂ ಆಡುತ್ತಿದ್ದ ರೇಡಿಯೋ ತಲೆಯೆತ್ತಲಿಲ್ಲ. “ಮಾಡಿ, ಮಾಡಿ.”

“ಹತ್ತು ಜನ ಬೇಕು. ನಾವು ಸರಿಯಾಗಿ ಹತ್ತು ಜನ ಇದ್ದೀವಿ.”

“ಒಂದು ಮಾತು” ಎಂದಳು ಜರಡಿ. ಕಿಟಕಿಯ ಹತ್ತಿರ ಕೂತು ಉಗುರಿನ ಸಂದಿಯ ಹಿಟ್ಟು ತೆಗೆಯುತ್ತಿದ್ದಳು. “ತೀರ್ಮಾನ ಮಾಡಿದ ನಾವು ಯಾರು?”

“ನಾವು ಅಂದ್ರೆ ಸಂಘ.”

“ಸಂಘದಲ್ಲಿ ನಾನೂ ಇದ್ದೀನಿ. ನನಗೆ ಗೊತ್ತೇ ಇಲ್ಲ.”

“ಅರ್ಜಿಗೆ ಸೈನ್ ಹಾಕಿದ್ದೀಯಲ್ಲ.”

“ಕೈಗೆ ಪೆನ್ನು ಕೊಟ್ಟು ‘ಇಲ್ಲಿ ಹಾಕು’ ಅಂದ್ರಿ. ಹಾಕಿದೆ.”

‘ಅಂದ್ರಿ.’ ಕೇರಂ ಬೋರ್ಡಿನ ಸದ್ದು ನಿಂತಿತು. ರೇಡಿಯೋ ಕೂಡ ಆ ಮಾತು ಕೇಳಿಸಿಕೊಂಡಿದ್ದ. ಜರಡಿಯ ಮುಖ ಕೆಂಪಾಯಿತು, ಆದರೆ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಡ್ಡಿ ಪತ್ರವನ್ನು ಮಡಚಿದ ಗೆರೆಯ ಮೇಲೇ ಮತ್ತೆ ಮಡಚಿದಳು. “ಸಭೆ ಮುಗೀತು” ಎಂದಳು. ಯಾರೂ ಏಳಲಿಲ್ಲ. ಅವಳೇ ಎದ್ದು ಹೋದಳು.

ಭಾನುವಾರ ಅಪ್ಪ ಅಂಗಡಿಯಲ್ಲಿ ಬಿದ್ದಿದ್ದ ತಗಡು ಕತ್ತರಿಸಿ, ಕಬ್ಬಿಣದ ಪೈಪಿಗೆ ಬೆಸೆದು, ‘ಬಸ್ ನಿಲುಗಡೆ’ ಎಂದು ಬಿಳಿ ಬಣ್ಣದಲ್ಲಿ ಬರೆದ. ಯಾರೂ ಕೇಳಿರಲಿಲ್ಲ, ಅವನಾಗಿಯೇ ಮಾಡಿದ್ದ.

“ನಿಲುಗಡೆ ಇನ್ನೂ ಸಿಕ್ಕಿಲ್ಲಪ್ಪ.”

“ಬೋರ್ಡ್ ನೋಡಿದ್ರೆ ಬಸ್ಸಿಗೂ ನಾಚಿಕೆಯಾಗಿ ನಿಲ್ಲುತ್ತೆ” ಎಂದ ಅಪ್ಪ. ಒಣಗದ ಬಣ್ಣವನ್ನು ಊದಿದ. “ನಿನ್ನ ಆ ಹಿಟ್ಟಿನ ಹುಡುಗಿ ಎಲ್ಲಿ, ಈ ಕಡೆ ತಲೆಯೇ ಹಾಕಿಲ್ಲ?”

“ಕೆಲಸ ಇದೆಯಂತೆ.”

“ಹಾಂ?”

“ಕೆಲಸ ಇದೆಯಂತೆ” ಎಂದು ಅವಳು ಅವನ ಬಲಗಿವಿಗೆ ಕೂಗಿದಳು. ಕೂಗಿ ಹೇಳಿದ ಸುಳ್ಳು ಇನ್ನೂ ದೊಡ್ಡದಾಗಿ ಕೇಳಿಸಿತು.

ಸೋಮವಾರ ಶಾಲೆಯಿಂದ ಬಂದು ಕಡ್ಡಿ ನೇರ ಗಿರಣಿಗೆ ಹೋದಳು. ಬೆಲ್ಟು ಓಡುತ್ತಿತ್ತು. ಜರಡಿ ಸ್ಟೂಲಿನ ಮೇಲೆ ನಿಂತು ಕಾಳು ಸುರಿಯುತ್ತಿದ್ದಳು. ಹುಬ್ಬೂ ರೆಪ್ಪೆಯೂ ಬೆಳ್ಳಗಾಗಿ ಮುದುಕಿಯ ಹಾಗೆ ಕಾಣುತ್ತಿದ್ದಳು. ಮಿಷನ್ ನಿಲ್ಲಿಸಲಿಲ್ಲ.

“ನಾಳೆ ಬರ್ತೀಯಲ್ಲ?” ಕಡ್ಡಿ ಕೂಗಿದಳು.

“ಯಾಕೆ ಬರಬೇಕು?”

“ಬಸ್ಸು ಬೇಡ್ವಾ? ಐವತ್ತು ನಿಮಿಷ ನಡೆಯೋದು ತಪ್ಪುತ್ತೆ.”

ಜರಡಿ ಚೀಲ ಕೆಳಗಿಟ್ಟು, ಅಪ್ಪ ಒಳಗಿದ್ದಾನಾ ಎಂದು ಬಾಗಿಲ ಕಡೆ ನೋಡಿ, ಸ್ಟೂಲಿನಿಂದ ಇಳಿದು ಹತ್ತಿರ ಬಂದಳು. “ಬಸ್ಸು ಬಂದ್ರೆ ಬೆಳಿಗ್ಗೆ ಕಾಲು ಗಂಟೆ ತಡವಾಗಿ ಹೊರಟ್ರೆ ಸಾಕು, ಸಂಜೆ ಅರ್ಧ ಗಂಟೆ ಮುಂಚೆ ಮನೆ. ಉಳಿದದ್ದು ಎಲ್ಲಿಗೆ ಹೋಗುತ್ತೆ ಹೇಳಿ. ಇಲ್ಲಿಗೆ.” ಮಿಷನ್ನಿನ ಮೇಲೆ ಕೈ ಬಡಿದಳು. ಹಿಟ್ಟು ಎದ್ದಿತು. “ನಡೆಯೋವಾಗ ಮಾತ್ರ ನನಗೆ ಯಾರೂ ಕೆಲಸ ಹೇಳಲ್ಲ. ರೇಡಿಯೋಗೂ ಅಷ್ಟೇ, ಅವನ ತಂಗಿಗೂ ಅಷ್ಟೇ. ಎಲ್ಲರ ಮನೇಲೂ ಒಂದೊಂದು ಗಿರಣಿ ಇದೆ. ಬಸ್ಸು ಬೇಕಾ ಅಂತ ಒಬ್ಬರನ್ನಾದ್ರೂ ಕೇಳಿದ್ರಾ?”

ಕಡ್ಡಿಗೆ ಉತ್ತರ ಗೊತ್ತಿತ್ತು. ಈ ಮಾತು ನಿಜ ಎಂಬುದೂ ಗೊತ್ತಿತ್ತು, ಏಕೆಂದರೆ ಮೂರು ವರ್ಷ ಅದೇ ದಾರಿಯಲ್ಲಿ ಅವಳೂ ನಡೆದಿದ್ದಳು. ನನಗೆ ಬಸ್ಸು ಬೇಕಾದದ್ದು ನೀನು ಪಕ್ಕ ಕೂರಲಿ ಅಂತ, ಎಂದು ಆಗ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ಆ ವಾಕ್ಯವನ್ನು ‘ನಾವು’ ಹಾಕಿ ಹೇಳಲು ಬರುವುದಿಲ್ಲ. ಒಂದೂವರೆ ತಿಂಗಳಿಂದ ‘ನಾನು’ ಆಡದ ನಾಲಿಗೆ ಹೊರಳಲೇ ಇಲ್ಲ.

“ಅರ್ಜಿ ಹೋಗಿಬಿಟ್ಟಿದೆ” ಎಂದಳು. “ಈಗ ಬೇಡ ಅಂದ್ರೆ ನಮ್ಮ ಮರ್ಯಾದೆ ಹೋಗುತ್ತೆ.”

“ನಿಮ್ಮ ಮರ್ಯಾದೆ” ಎಂದು ಜರಡಿ ತಿದ್ದಿದಳು. ಸ್ಟೂಲು ಹತ್ತಿ ಮತ್ತೆ ಕಾಳು ಸುರಿದಳು.

ಮಂಗಳವಾರ ಏಳೂವರೆಗೇ ಕಡ್ಡಿ ತಿರುವಿನಲ್ಲಿದ್ದಳು. ಅಪ್ಪ ಬೋರ್ಡು ನೆಟ್ಟು, ಬುಡಕ್ಕೆ ಕಲ್ಲು ಬಿಗಿದು, ಅಂಗಡಿ ತೆಗೆಯಲು ಹೋದ. ಡಿಪೋದವರು ಎಂಟಕ್ಕೆ ಬೈಕಿನಲ್ಲಿ ಬಂದರು. ಕೋಟಿನ ಜೇಬಿನಲ್ಲಿ ಪೆನ್ಸಿಲ್ಲು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಬೋರ್ಡನ್ನು ಮೇಲಿಂದ ಕೆಳಗೆ ನೋಡಿದರು.

“ಯಾರು ಹಾಕಿದ್ದು ಇದು?”

“ನಾವು.”

“ಹತ್ತೋರು ಎಷ್ಟು ಜನ?”

“ನಾವು ಬರ್ತಾ ಇದ್ದೀವಿ ಸರ್. ಇನ್ನೇನು ಬಂದ್ರು.”

ಎಂಟೂ ಹತ್ತಕ್ಕೆ ಊರ ರಸ್ತೆಯಲ್ಲಿ ಅವರು ಕಂಡರು. ಒಂಬತ್ತು ಜನವೂ ಇದ್ದರು. ಡಿಪೋದವರು ದೂರದಿಂದಲೇ ಎಣಿಸುತ್ತ ಹಾಳೆಯ ಮೇಲೆ ಗೆರೆ ಎಳೆದರು, ಕಡ್ಡಿಯನ್ನೂ ಸೇರಿಸಿ ಹತ್ತು. “ಸರಿ ಇದೆಯಲ್ಲ” ಎಂದು ಗೊಣಗಿದರು.

ಗುಂಪು ಬೋರ್ಡಿನ ಹತ್ತಿರ ಬಂತು. ರೇಡಿಯೋ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ, ಅವನ ಮಟ್ಟಿಗೆ ಅದು ದೊಡ್ಡ ಮಾತು. ಜರಡಿ ಒಂದು ಗಳಿಗೆ ನಿಂತಳು. ಜಡೆಯಲ್ಲಿ ಹಿಟ್ಟಿತ್ತು.

“ನಿಂತ್ಕೋ” ಎಂದಳು ಕಡ್ಡಿ. ಅದು ಆಜ್ಞೆಯ ಹಾಗೆ ಕೇಳಿಸಿತು. ಬೇರೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ.

“ನೀವು ನಿಂತಿರಿ” ಎಂದಳು ಜರಡಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. “ನಾವು ನಡೀತೀವಿ.”

ನಡೆದರು. ಡಿಪೋದವರು ಅವರ ಬೆನ್ನುಗಳನ್ನೂ ಕಡ್ಡಿಯನ್ನೂ ನೋಡಿದರು.

“ಇವರೆಲ್ಲ ಯಾರಮ್ಮ?”

“ನಡೆದು ಹೋಗೋರು.”

“ಮತ್ತೆ ನಾವು ನಾವು ಅಂತಿದ್ದೆ. ನಾವು ಅಂದ್ರೆ ಎಷ್ಟು ಜನ?”

ಕಡ್ಡಿ ದೊಡ್ಡ ರಸ್ತೆಯ ಕಡೆ ನೋಡಿದಳು. “ನಾನು” ಎಂದಳು.

ಅವರು ಪೆನ್ಸಿಲ್ಲನ್ನು ತಿರುಗಿಸಿ ಹಿಂದಿನ ರಬ್ಬರಿನಿಂದ ಒಂಬತ್ತು ಗೆರೆಗಳನ್ನು ಉಜ್ಜಿದರು. ಅವಸರವಿಲ್ಲದೆ, ಒಂದೊಂದಾಗಿ. ರಬ್ಬರಿನ ಪುಡಿ ಊದಿದರು. ಬಸ್ಸು ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿ, “ಇವತ್ತೊಂದು ದಿನ ಹತ್ತಿಸ್ಕೊಳ್ಳಯ್ಯಾ” ಎಂದು ಡ್ರೈವರಿಗೆ ಹೇಳಿದರು. “ಹೋಗಮ್ಮ. ನಿಂತಿದ್ದೀಯ, ಹೋಗು.”

ಬಸ್ಸಿನಲ್ಲಿ ಡ್ರೈವರ್ ಬಿಟ್ಟರೆ ಇದ್ದದ್ದು ಮೂವರು. ನಿದ್ದೆ ಮಾಡುತ್ತಿದ್ದ ಅಜ್ಜಿ, ಸೈಕಲ್ ಟೈರು ಹಿಡಿದವನೊಬ್ಬ, ಕಂಡಕ್ಟರ್. ಕಡ್ಡಿ ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಸೀಟಿನ ರೆಕ್ಸಿನ್ ಹರಿದು ಒಳಗಿನ ಹತ್ತಿ ಕಾಣುತ್ತಿತ್ತು. ಎರಡು ನಿಮಿಷದಲ್ಲೇ ಅವರು ಕಂಡರು. ಮುಂದೆ ಐವರು, ಹಿಂದೆ ನಾಲ್ವರು. ರೇಡಿಯೋ ಹಿಂದುಹಿಂದಕ್ಕೆ ನಡೆಯುತ್ತ ಕೈ ಬೀಸಿ ಏನನ್ನೋ ಹೇಳುತ್ತಿದ್ದ. ಜರಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಡ್ಡಿ ತಟ್ಟನೆ ಎದ್ದಳು.

“ಇಲ್ಲೇ ಇಳೀತೀನಿ.”

“ಇಲ್ಲಿ ಸ್ಟಾಪ್ ಇಲ್ಲಮ್ಮ” ಎಂದ ಕಂಡಕ್ಟರ್.

ಬಸ್ಸು ಅವರನ್ನು ದಾಟಿತು. ಎದ್ದ ಧೂಳಿನಲ್ಲಿ ಒಂಬತ್ತು ತಲೆಗಳೂ ಪಕ್ಕಕ್ಕೆ ತಿರುಗಿದವು.

ಎಂಟೂ ಮೂವತ್ತೆರಡಕ್ಕೆ ಅವಳು ಶಾಲೆಯ ಮುಂದಿದ್ದಳು. ಗೇಟಿಗೆ ಬೀಗ. ಕಟ್ಟೆಯ ಮೇಲೆ ಕೂತಳು. ಚೀಲದಲ್ಲಿ ಸಂಘದ ತಿಂಗಳ ವರದಿಯ ನಮೂನೆ ಇತ್ತು. ಮಾಡಲು ಬೇರೇನೂ ಇರಲಿಲ್ಲವಾದ್ದರಿಂದ ತೆಗೆದಳು. ‘ಈ ತಿಂಗಳು ನಾವು ಮಾಡಿದ ಕೆಲಸ’ ಎಂದು ಅಚ್ಚಾಗಿತ್ತು. ‘ವು’ ಮೇಲೆ ಗೀಟು ಹಾಕಿ ‘ನು’ ಎಂದು ಬರೆದಳು. ಮುಂದಿನ ಖಾಲಿ ಜಾಗದಲ್ಲಿ, ಬಸ್ಸು ಹತ್ತಿದೆ. ಭಾಗವಹಿಸಿದವರ ಸಂಖ್ಯೆ, ಒಂದು. ಮೇಡಂ ಇದನ್ನು ಎತ್ತಿ ತೋರಿಸುವುದಿಲ್ಲ ಎಂದು ಗೊತ್ತಿತ್ತು. ಮಡಚಿ ಒಳಗಿಟ್ಟಳು.

ಆಮೇಲೆ ಎದ್ದು, ಬಂದ ದಾರಿಯಲ್ಲೇ ವಾಪಸ್ ನಡೆದಳು. ಮುಕ್ಕಾಲು ಕಿಲೋಮೀಟರು ಹೋಗುವಷ್ಟರಲ್ಲಿ ಎದುರಿನಿಂದ ಅವರು ಬಂದರು. ಅವಳನ್ನು ಕಂಡು ಮಾತು ನಿಂತಿತು, ನಡಿಗೆ ನಿಲ್ಲಲಿಲ್ಲ. ಯಾರೂ ಜಾಗ ಬಿಡಲಿಲ್ಲ, ಯಾರೂ ಬೈಯಲಿಲ್ಲ. ಅವರು ದಾಟಿ ಹೋಗುವವರೆಗೆ ಕಡ್ಡಿ ಬದಿಯಲ್ಲಿ ನಿಂತು, ಆಮೇಲೆ ತಿರುಗಿ ಕೊನೆಯ ಸಾಲಿನ ಹಿಂದೆ ಸೇರಿಕೊಂಡಳು. ಎರಡು ಹೆಜ್ಜೆ ಮುಂದೆ ಜರಡಿಯ ಜಡೆ ತೂಗುತ್ತಿತ್ತು. ಇಷ್ಟು ನಡೆದರೂ ಹಿಟ್ಟು ಉದುರಿರಲಿಲ್ಲ.

ಹೀಗೇ ಸ್ವಲ್ಪ ದೂರ ಹೋದಮೇಲೆ, ಹಿಂದೆ ತಿರುಗದೆ ಜರಡಿ ಕೇಳಿದಳು:

“ಸೀಟು ಸಿಕ್ತಾ?”

“ಎಲ್ಲಾ ಖಾಲಿ ಇತ್ತು” ಎಂದಳು ಕಡ್ಡಿ.

ರೇಡಿಯೋ ಕೆಮ್ಮಿದ.

ಸೀಟು ಸಿಕ್ತಾ. ಕಡ್ಡಿ ಆ ಎರಡು ಪದಗಳನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ‘ನೀವು’ ಇರಲಿಲ್ಲ. ‘ನೀನು’ ಕೂಡ ಇರಲಿಲ್ಲ. ಇನ್ನೊಂದೇ ಒಂದು ಮಾತಾಡಿದ್ದರೆ ಯಾವುದೆಂದು ಗೊತ್ತಾಗುತ್ತಿತ್ತು. ಅವಳು ಕಿವಿಗೊಟ್ಟು ನಡೆದಳು. ಶಾಲೆಯ ಗೇಟು ಬರುವವರೆಗೂ ಜರಡಿ ಮತ್ತೆ ಮಾತಾಡಲಿಲ್ಲ.